ಹಳೆಯ ಕಾರು ಮಾರುವವರು ಎಷ್ಟು ಹೇಳಬೇಕು, ಹೇಗೆ ಹೇಳಬೇಕು

1872ರ ಭಾರತೀಯ ಕರಾರು ಕಾಯಿದೆಯ ವಂಚನೆಯನ್ನು ಕುರಿತ 17ನೆಯ ಕಲಮಿನ ಕೆಳಗೆ, ಉದಾಹರಣೆಯಾಗಿ, ಐಬಿರುವ ಕುದುರೆಯೊಂದು ನಿಂತಿದೆ. ಮಾರುವವನಿಗೆ ಐಬು ಗೊತ್ತು, ಆದರೂ ಹರಾಜಿನಲ್ಲಿ ತುಟಿ ಬಿಚ್ಚದೆ ಮಾರುತ್ತಾನೆ. ಇದು ವಂಚನೆಯಲ್ಲ ಎನ್ನುತ್ತದೆ ಕಾಯಿದೆ. ಅದರ ಕೆಳಗಿನ ಉದಾಹರಣೆಯಲ್ಲಿ ಕುದುರೆ ಕೊಳ್ಳುವವಳು ಅವನ ಸ್ವಂತ ಮಗಳು, ಆಗಷ್ಟೇ ಪ್ರಾಪ್ತ ವಯಸ್ಕಳಾದವಳು. ಆಗ ಹೇಳಲೇಬೇಕು. ಮೂರನೆಯದರಲ್ಲಿ ಕೊಳ್ಳುವವನು, 'ನೀವು ಅಲ್ಲಗಳೆಯದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ' ಎನ್ನುತ್ತಾನೆ, ಮಾರುವವನು ಸುಮ್ಮನಿರುತ್ತಾನೆ. ಅಲ್ಲಿ ಸುಮ್ಮನಿದ್ದದ್ದೂ ಹೇಳಿದ್ದಕ್ಕೆ ಸಮ.

ನಾನು ಹಾಸನದಲ್ಲಿ ಸಿವಿಲ್ ವಕೀಲಿ ಮಾಡುತ್ತೇನೆ. ಮೊನ್ನೆ ಮಳೆಗಾಲ ಮುಗಿದ ಮೇಲೆ ನನ್ನ 2011ರ ಸ್ಯಾಂಟ್ರೊ ಮಾರಿದೆ. ನಡುವೆ ಬ್ರೋಕರ್ ಇರಲಿಲ್ಲ, ಷೋರೂಮಿನ ವಿನಿಮಯವೂ ಇರಲಿಲ್ಲ. ನಾನೇ ಜಾಹೀರಾತು ಹಾಕಿ, ನಾನೇ ತೋರಿಸಿ, ನಾನೇ ಕೀಲಿ ಕೊಟ್ಟೆ. ಆಮೇಲೆ ಕೋರ್ಟಿನ ಆವರಣದಲ್ಲಿ ಸಿಕ್ಕವರೆಲ್ಲ 'ನಮ್ಮದೂ ಒಂದು ಹಳೆಯ ಗಾಡಿ ನಿಂತಿದೆ, ಮಾರಲು ಏನೇನು ಮಾಡಬೇಕು' ಎಂದು ಕೇಳತೊಡಗಿದರು. ಎಲ್ಲರೂ ಕಾಗದಪತ್ರದ ಬಗ್ಗೆ ಕೇಳುತ್ತಾರೆ, ಐಬಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಮನೆಯವರೇ ಮನೆಯ ಕಾರು ಮಾರಿದಾಗ ಕೊಂಡವನ ಪರವಾಗಿ ಕಾಯಿದೆ ಹೆಚ್ಚೇನೂ ಮಾಡುವುದಿಲ್ಲ. ಗ್ರಾಹಕ ಆಯೋಗ ಇರುವುದು ವ್ಯಾಪಾರಿಯಿಂದ ಕೊಂಡವರಿಗೆ, ನಾನು ವ್ಯಾಪಾರಿಯಲ್ಲ. 1930ರ ಸರಕು ಮಾರಾಟ ಕಾಯಿದೆಯಾದರೂ ನೋಡಿ ಕೊಳ್ಳುವ ಜವಾಬ್ದಾರಿಯನ್ನು ಬಹುಪಾಲು ಕೊಳ್ಳುವವನ ತಲೆಗೇ ಕಟ್ಟಿದೆ. ಸಿವಿಲ್ ದಾವೆ ಹೂಡಬಹುದು, ನಿಜ. ಒಂದೂವರೆ ಲಕ್ಷದ ಕಾರಿಗಾಗಿ ದಾವೆ ಹೂಡಲು ಬಂದವರಿಗೆ ನಾನೇ ಬುದ್ಧಿ ಹೇಳಿ ಕಳಿಸಿದ್ದೇನೆ. ನನ್ನ ಫೀಸೂ ಓಡಾಟವೂ ಸೇರಿದರೆ ಕಾರಿನ ಬೆಲೆ ದಾಟುತ್ತದೆ. ಅಂದರೆ ಗಾಡಿ ಗೇಟು ದಾಟಿದ ಮೇಲೆ ಕೊಂಡವನ ಕೈಯಲ್ಲಿ ಉಳಿಯುವುದು ಮಾರಿದವರು ಹೇಳಿದ ಮಾತು ಮಾತ್ರ.

ಈ ಕಾರಣಕ್ಕೆ ನಾನು ಎರಡನೆಯ ಉದಾಹರಣೆಯನ್ನೇ ಹಿಡಿದುಕೊಂಡೆ. ಬಂದವರು ಯಾರೇ ಇರಲಿ, ಮಗಳಿಗೆ ಹೇಳುವಷ್ಟನ್ನು ಅವರಿಗೂ ಹೇಳುವುದು. ಇದನ್ನು ಕೇಳಿ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು: 'ಎಲ್ಲರೂ ಮಗಳಾದರೆ ಗಾಡಿಯನ್ನು ಬಳುವಳಿ ಕೊಡಬೇಕಾಗುತ್ತದೆ ಕಣಮ್ಮ.' ಅವರು ಐಬು ಹೇಳುವುದನ್ನೂ ಬೆಲೆಯನ್ನೂ ಕಲಸಿಕೊಂಡಿದ್ದರು. ಐಬು ಹೇಳಿದ ಮಾತ್ರಕ್ಕೆ ಸೋವಿಗೆ ಕೊಡಬೇಕೆಂದಿಲ್ಲ. ಒಂದು ರೂಪಾಯಿಯನ್ನೂ ಬಿಡದೆ ಎಲ್ಲವನ್ನೂ ಹೇಳಬಹುದು.

ಮೊದಲು ಒಂದು ಹಾಳೆ

ಜಾಹೀರಾತಿಗೆ ಫೋಟೊ ತೆಗೆಯುವ ಮೊದಲೇ ಒಂದು ಫುಲ್‌ಸ್ಕೇಪ್ ಹಾಳೆ ತೆಗೆದುಕೊಂಡು ಕುಳಿತುಕೊಳ್ಳಿ. ಗ್ಯಾರೇಜಿನ ಹಳೆಯ ಬಿಲ್ಲುಗಳನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಹಾಳೆಯಲ್ಲಿ ಮೂರು ಭಾಗ ಮಾಡಿ: ಗೊತ್ತಿರುವುದು, ಅನುಮಾನ ಇರುವುದು, ಗೊತ್ತಿಲ್ಲದ್ದು. ನನ್ನ ಹಾಳೆಯಲ್ಲಿ ಇದ್ದದ್ದು ಹೀಗೆ:

ಗೊತ್ತಿರುವುದು: ಎಡಗಡೆ ಹಿಂದಿನ ಬಾಗಿಲಿಗೆ ಹಾಲಿನ ವ್ಯಾನ್ ತಾಗಿ ಟಿಂಕರಿಂಗ್ ಮತ್ತು ಪೇಂಟ್ ಆಗಿದೆ, ಬಿಲ್ ಇದೆ. ಕ್ಲಚ್ ಸವೆದಿದೆ, ಶಿರಾಡಿ ಘಾಟಿಯಂಥ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಅಷ್ಟು ಎಳೆಯುವುದಿಲ್ಲ. ಏಸಿ ಗ್ಯಾಸ್ ಪ್ರತಿ ಬೇಸಿಗೆಗೂ ತುಂಬಿಸಬೇಕು. ಜೋರು ಮಳೆಯಲ್ಲಿ ಮುಂದಿನ ಎಡ ಸೀಟಿನ ಮ್ಯಾಟಿನ ಕೆಳಗೆ ನೀರು ಬರುತ್ತದೆ. ಹಿಂದಿನ ಎರಡು ಟೈರು 2018ರವು.

ಅನುಮಾನ: ಎಂಜಿನ್ ತಂಪಿಡುವ ಕೂಲೆಂಟ್ ತಿಂಗಳಿಗೆ ಸ್ವಲ್ಪ ಇಳಿಯುತ್ತದೆ. ಎಲ್ಲಿಂದ ಎಂದು ಮೆಕ್ಯಾನಿಕ್‌ಗೂ ಕಂಡಿಲ್ಲ.

ಗೊತ್ತಿಲ್ಲದ್ದು: ನಾನು ಕೊಳ್ಳುವ ಮೊದಲಿನ ಎರಡು ವರ್ಷ ಕಾರು ಹೇಗೆ ಓಡಿತ್ತು ಎಂಬುದು.

ಇಷ್ಟೇ. ಓದುವುದಕ್ಕೆ ಒಂದು ನಿಮಿಷವೂ ಬೇಡ, ಆದರೆ ಬರೆಯುವಾಗ ಕೈ ತಡೆಯುತ್ತದೆ. ಕೂಲೆಂಟಿನ ಸಾಲನ್ನು ಬರೆಯುವುದೇ, ಬೇಡವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಮೆಕ್ಯಾನಿಕ್‌ಗೇ ಕಾಣದ್ದನ್ನು ನಾವೇಕೆ ಹೇಳಬೇಕು? ಹೇಳಬೇಕಾದದ್ದು ಏಕೆಂದರೆ, ಪ್ರತಿ ತಿಂಗಳೂ ಬಾನೆಟ್ ತೆಗೆದು ಡಬ್ಬಿಯ ಗೆರೆ ನೋಡುತ್ತಿದ್ದವರು ನಾವು. ಅರ್ಧ ಗಂಟೆ ಗಾಡಿ ನೋಡುವವರಿಗೆ ಆ ಗೆರೆ ಕೆಳಗೆ ಇಳಿಯುವುದು ಎಂದೂ ಕಾಣದು. ಕಾರಣ ಹೇಳುವ ಹೊಣೆ ನಿಮಗಿಲ್ಲ. ಕಂಡದ್ದನ್ನು ಹೇಳಿದರೆ ಸಾಕು.

'ಗೊತ್ತಿಲ್ಲ' ಎಂಬ ಭಾಗವನ್ನು ಕಳ್ಳದಾರಿ ಮಾಡಿಕೊಳ್ಳುವವರೂ ಇದ್ದಾರೆ. ಎಂಜಿನ್ ಟಕಟಕ ಎನ್ನುತ್ತಿದೆ, ತೋರಿಸಿದರೆ ಏನೋ ಒಂದು ಹೇಳುತ್ತಾರೆ, ಹೇಳಿದರೆ ಕೊಳ್ಳುವವನಿಗೆ ತಿಳಿಸಬೇಕಾಗುತ್ತದೆ, ಆದ್ದರಿಂದ ಮಾರುವವರೆಗೂ ತೋರಿಸುವುದೇ ಬೇಡ ಎಂಬ ಲೆಕ್ಕ ಅವರದು. ಆ ಟಕಟಕ ಸದ್ದು ಗೊತ್ತಿರುವುದರ ಪಟ್ಟಿಗೇ ಸೇರುತ್ತದೆ.

ಕೆಲವು ಸಂಗತಿಗಳು ರಿಪೇರಿಯಾಗಿ ಎಷ್ಟೇ ವರ್ಷವಾಗಿದ್ದರೂ ಹಾಳೆಯಲ್ಲಿ ಇರಲೇಬೇಕು. ಗಾಡಿ ನೀರಿನಲ್ಲಿ ಮುಳುಗಿದ್ದರೆ ಅದು ಮೊದಲನೆಯದು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಎಷ್ಟೋ ಕಾರುಗಳು ಸೀಟಿನ ಮಟ್ಟ ಮುಳುಗಿದ್ದವು. ಒಣಗಿಸಿ ತೊಳೆದರೆ ಹೊಸದರಂತೆ ಕಾಣುತ್ತವೆ, ಆದರೆ ವೈರಿಂಗ್ ಒಳಗಿನ ತುಕ್ಕು ಎರಡು ವರ್ಷ ಬಿಟ್ಟು ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಕೈಕೊಡುತ್ತದೆ. ಚಾಸಿಗೆ ಪೆಟ್ಟು ಬಿದ್ದದ್ದು, ಏರ್‌ಬ್ಯಾಗ್ ಒಮ್ಮೆ ತೆರೆದುಕೊಂಡದ್ದು, ಎಂಜಿನ್ ಬಿಚ್ಚಿಸಿದ್ದು, ಬಾಡಿಗೆಗೆ ಓಡಿಸಿದ್ದು ಇವೂ ಅಷ್ಟೇ.

ತೊಳೆಯುವುದು ಬೇರೆ, ಮುಚ್ಚುವುದು ಬೇರೆ

ಮಾರುವ ಮೊದಲು ಕಾರು ತೊಳೆಸಿ, ಪಾಲಿಶ್ ಹಾಕಿಸಿ, ಸೀಟಿನ ಕವರ್ ಬದಲಿಸಿ. ಇದರಲ್ಲಿ ತಪ್ಪೇನೂ ಇಲ್ಲ. ಹೆಣ್ಣು ನೋಡಲು ಬರುವ ದಿನ ಮನೆ ಗುಡಿಸುವುದಿಲ್ಲವೇ, ಹಾಗೆ. ಕೊಳ್ಳುವವನು ಕಣ್ಣು, ಕಿವಿ, ಮೂಗಿನಿಂದ ತಿಳಿಯಬಹುದಾದದ್ದನ್ನು ತಿಳಿಯದಂತೆ ಮಾಡಿದರೆ ಮಾತ್ರ ಅದು ಬೇರೆ ಕೆಲಸವಾಗುತ್ತದೆ.

ಒದ್ದೆ ಮ್ಯಾಟಿನ ವಾಸನೆಗೆ ಸುವಾಸನೆಯ ಡಬ್ಬಿ ಇಡುವುದು ಮುಚ್ಚುವುದು. ಹೊಗೆ ಕಾಣದಿರಲೆಂದು ದಪ್ಪ ಎಣ್ಣೆ ತುಂಬಿಸುವುದು ಮುಚ್ಚುವುದು. ಆಯಿಲ್ ಸೋರುವ ಎಂಜಿನ್ನನ್ನು ತೋರಿಸುವ ದಿನ ಬೆಳಿಗ್ಗೆ ನೀರು ಹೊಡೆಸಿ ತೊಳೆಸುವುದೂ ಮುಚ್ಚುವುದೇ. ಡ್ಯಾಷ್‌ಬೋರ್ಡಿನಲ್ಲಿ ಉರಿಯುವ ಎಚ್ಚರಿಕೆ ದೀಪದ ಬಲ್ಬನ್ನೇ ತೆಗೆಸುವ ಧೀರರೂ ಇದ್ದಾರೆಂದು ನಮ್ಮ ಮೆಕ್ಯಾನಿಕ್ ಹೇಳುತ್ತಾನೆ.

ಎಲ್ಲಕ್ಕಿಂತ ನಯವಾದ ಮೋಸ ಇನ್ನೊಂದಿದೆ. ನೋಡುವವರು ಬರುವ ಅರ್ಧ ಗಂಟೆ ಮೊದಲು ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿಡುವುದು. ಹಳೆಯ ಎಂಜಿನ್ ತನ್ನ ಕಷ್ಟವನ್ನೆಲ್ಲ ಹೇಳಿಕೊಳ್ಳುವುದು ತಣ್ಣಗಿದ್ದಾಗಿನ ಮೊದಲ ಸ್ಟಾರ್ಟಿನಲ್ಲಿ: ಬ್ಯಾಟರಿಯ ಎಳೆತ, ಮೊದಲ ಹೊಗೆಯ ಬಣ್ಣ, ಟ್ಯಾಪೆಟ್ಟಿನ ಸದ್ದು. ಬಿಸಿಯಾದ ಮೇಲೆ ಅದು ಸಭ್ಯವಾಗಿ ನಡೆದುಕೊಳ್ಳುತ್ತದೆ. ನಾನು ಬರುವವರಿಗೆ ಬೆಳಿಗ್ಗೆಯ ಹೊತ್ತನ್ನೇ ಹೇಳುತ್ತಿದ್ದೆ, ಬಂದ ಕೂಡಲೇ 'ಬಾನೆಟ್ ಮುಟ್ಟಿ ನೋಡಿ, ತಣ್ಣಗಿದೆ' ಎನ್ನುತ್ತಿದ್ದೆ. ಗಾಡಿ ಬಲ್ಲವರ ಮುಖದಲ್ಲಿ ಆಗ ಒಂದು ಗೌರವ ಬರುತ್ತದೆ. ತಿಳಿಯದವರಿಗೆ ಏಕೆ ಮುಟ್ಟಬೇಕೆಂದು ಬಿಡಿಸಿ ಹೇಳಬೇಕಾಗುತ್ತದೆ, ಹೇಳಿ.

ಮೀಟರಿನ ವಿಷಯ. ಜಾಹೀರಾತು ನೋಡಿ ಮೊದಲು ಬಂದವನು ಒಬ್ಬ ಬ್ರೋಕರ್. ಮೀಟರ್ 94,000 ಕಿಲೋಮೀಟರ್ ತೋರಿಸುವುದನ್ನು ಕಂಡು ಲೊಚಗುಟ್ಟಿದ. 'ಮೇಡಂ, ಇದನ್ನು ನಲವತ್ತೆಂಟಕ್ಕೆ ತರಿಸಿಬಿಡಿ. ಮೂವತ್ತು ಸಾವಿರ ಜಾಸ್ತಿ ಬರುತ್ತದೆ. ಹುಡುಗ ನಮ್ಮವನೇ ಇದ್ದಾನೆ' ಎಂದ. ವಕೀಲರ ಬೋರ್ಡಿನ ಕೆಳಗೆ ನಿಂತುಕೊಂಡೇ ಹೇಳಿದ, ಅದೇ ನನಗೆ ಆಶ್ಚರ್ಯ. ಅವನಿಗೆ ಇದು ಮೋಸವೆಂದು ಅನ್ನಿಸಿಯೇ ಇರಲಿಲ್ಲ, ಗೋಡೆಗೆ ಸುಣ್ಣ ಬಳಿಯುವಷ್ಟೇ ಸಹಜವಾಗಿ ಹೇಳಿದ್ದ.

ನೀವು ತಿರುಗಿಸದಿದ್ದರೂ ನಿಮ್ಮ ನಂತರದವರು ತಿರುಗಿಸಬಹುದು. ಅದಕ್ಕೊಂದು ತಡೆಯಿದೆ. ಮಾರಾಟದ ಕರಾರಿನಲ್ಲಿ ಕಿಲೋಮೀಟರನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ, ಕಿಲೋಮೀಟರ್ ನಮೂದಿಸಿದ ಸರ್ವಿಸ್ ಬಿಲ್ಲುಗಳನ್ನೆಲ್ಲ ಗಾಡಿಯ ಜೊತೆಗೇ ಕೊಟ್ಟುಬಿಡಿ.

ಬೆಲೆ

ಹೆತ್ತವರಿಗೆ ಹೆಗ್ಗಣ ಮುದ್ದು. ನಮ್ಮ ಕಾರು ನಮಗೆ ಯಾವಾಗಲೂ ಹತ್ತಿಪ್ಪತ್ತು ಸಾವಿರ ಹೆಚ್ಚು ಬಾಳುತ್ತದೆ. ಅದೇ ವರ್ಷದ, ಅದೇ ಮಾದರಿಯ ಗಾಡಿಗಳು ಊರಿನಲ್ಲಿ ಎಷ್ಟಕ್ಕೆ ಹೋಗುತ್ತಿವೆ ಎಂದು ವಿಚಾರಿಸಿ. ಐಬುಗಳ ರಿಪೇರಿಗೆ ಎಷ್ಟಾಗುತ್ತದೆಂದು ಮೆಕ್ಯಾನಿಕ್ ಕೈಯಲ್ಲಿ ಅಂದಾಜು ಬರೆಸಿಕೊಳ್ಳಿ. ನನ್ನದಕ್ಕೆ ಕ್ಲಚ್ ಏಳು ಸಾವಿರ, ಹಿಂದಿನ ಟೈರುಗಳು ಏಳು ಸಾವಿರ ಎಂದಿದ್ದ. ಅವನ್ನು ಮೊದಲೇ ಕಳೆದು 1,35,000 ಎಂದು ಹಾಕಿದೆ, ಕಳೆದದ್ದೇಕೆ ಎಂಬುದನ್ನೂ ಜಾಹೀರಾತಿನಲ್ಲೇ ಬರೆದೆ. ಹಾಗೆ ಬರೆದರೆ ಬಂದವರು ಅದೇ ಕ್ಲಚ್ಚನ್ನು ತೋರಿಸಿ ಮತ್ತೊಮ್ಮೆ ಇಳಿಸಲು ಬರುವುದಿಲ್ಲ.

ಹದಿನೈದು ವರ್ಷದ ಹತ್ತಿರ ಬಂದ ಗಾಡಿಯಾದರೆ ಇನ್ನೊಂದು ಖರ್ಚನ್ನು ಹೇಳಲೇಬೇಕು. ನೋಂದಣಿ ಮುಗಿದ ಮೇಲೆ ಗಾಡಿ ಓಡಲು ಯೋಗ್ಯವೆನ್ನುವ ಎಫ್‌ಸಿ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಆ ಶುಲ್ಕ ಕಾರಿಗೆ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದರ ಮೇಲೆ ಹಸಿರು ತೆರಿಗೆ, ಎಫ್‌ಸಿಗಾಗಿ ಮಾಡಿಸಬೇಕಾದ ಸಣ್ಣಪುಟ್ಟ ಕೆಲಸ. ಮೊದಲ ಸಲ ಕಾರು ಕೊಳ್ಳುವವರಿಗೆ ಇದು ಗೊತ್ತೇ ಇರುವುದಿಲ್ಲ. 'ಆರ್‌ಸಿಯಲ್ಲಿ ದಿನಾಂಕ ಇದೆಯಲ್ಲ, ಓದಿಕೊಳ್ಳಬೇಕಿತ್ತು' ಎಂದು ಆಮೇಲೆ ವಾದಿಸಬಹುದು, ಕೋರ್ಟಿನಲ್ಲಿ ನಾನೂ ವಾದಿಸಿಯೇನು.

ಹೇಳಬೇಕಿಲ್ಲದ್ದೂ ಇದೆ. ನೀವು ಕೊನೆಗೆ ಎಷ್ಟಕ್ಕೆ ಬಿಡುತ್ತೀರಿ ಎಂಬುದು ನಿಮ್ಮ ಗುಟ್ಟು. ಮಾರುವ ಕಾರಣ ನಿಮ್ಮ ಸಂಸಾರದ ವಿಷಯ. ಆದರೆ ಬಾರದ ಗಿರಾಕಿಯನ್ನು ಬಂದನೆಂದು ಹೇಳಿ, 'ಇನ್ನೊಬ್ಬರು ಸಂಜೆ ಹಣ ತರುತ್ತಿದ್ದಾರೆ' ಎಂದು ಆತುರ ಹುಟ್ಟಿಸಬೇಡಿ. ಮುಂಗಡ ಹಿಡಿದ ಮೇಲೆ ಹೆಚ್ಚು ಕೊಡುವವರು ಬಂದರೆ? ಬರುತ್ತಾರೆ, ಯಾವಾಗಲೂ ಆಮೇಲೆಯೇ ಬರುತ್ತಾರೆ. ಮುಂಗಡ ಹಿಡಿದ ಕ್ಷಣವೇ ಜಾಹೀರಾತು ತೆಗೆದುಬಿಟ್ಟರೆ ಆ ಪರೀಕ್ಷೆಗೆ ಕೂರುವ ಕಷ್ಟ ತಪ್ಪುತ್ತದೆ.

ಕಂಡವರಿಗೊಂದು, ಕಾಣದವರಿಗೊಂದು ಬೆಲೆಯೂ ಬೇಡ. ನಮ್ಮಂಥ ಊರಿನಲ್ಲಿ ಬರುವವರಲ್ಲಿ ಅರ್ಧ ಜನ ಯಾವುದಾದರೊಂದು ಕಡೆಯಿಂದ ನೆಂಟರೇ. 'ನಮ್ಮವರಲ್ಲವೇ, ಬರೆದುಕೊಡುವುದೆಲ್ಲ ಏಕೆ' ಎನ್ನುವ ನೆಂಟರಿಗೆ ಮೊದಲು ಬರೆದುಕೊಡಿ.

ನೋಡಲು ಬಂದ ದಿನ

ಕೊನೆಗೆ ಕಾರು ಕೊಂಡವನು ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಹುಡುಗ. ಹೆಂಡತಿಯನ್ನೂ ಸೋದರಮಾವನನ್ನೂ ಕರೆದುಕೊಂಡು ಬಂದಿದ್ದ. ಮಾವ ಲಾರಿ ಓಡಿಸಿದವರು. ನಾನು ಕೊಟ್ಟ ಹಾಳೆಯನ್ನು ಹುಡುಗ ಜೋರಾಗಿ ಓದಿದ, ಮಾವ ಬಾನೆಟ್ ಎತ್ತಿ ಕೇಳಿಸಿಕೊಂಡರು. ಕೂಲೆಂಟಿನ ಸಾಲಿಗೆ ಬಂದಾಗ ಅವರು ಎಂಜಿನ್ ಆಯಿಲಿನ ಮುಚ್ಚಳ ಬಿಚ್ಚಿ, ಒಳಬದಿಯನ್ನು ಬೆರಳಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಅಲ್ಲಿ ಮಜ್ಜಿಗೆಯ ಬಣ್ಣದ ಕೆನೆ ಇದ್ದರೆ ನೀರು ಎಣ್ಣೆಗೆ ಸೇರುತ್ತಿದೆ ಎಂದರ್ಥ, ಎಂಜಿನ್ನಿನ ತಲೆ ಬಿಚ್ಚಬೇಕಾದೀತು. ಬೆರಳಿಗೆ ಕಪ್ಪು ಎಣ್ಣೆ ಮಾತ್ರ ಹತ್ತಿತ್ತು. ಆಮೇಲೆ ನನ್ನತ್ತ ತಿರುಗಿ, 'ಮಾರುವವರು ಇಷ್ಟೆಲ್ಲ ಹೇಳುತ್ತಾರೆ ಅಂದರೆ ಹೇಳದೆ ಇಟ್ಟದ್ದು ಎಷ್ಟಿದೆಯೋ ಅನ್ನಿಸುತ್ತದೆ ಮೇಡಂ' ಎಂದರು.

ಇದಕ್ಕೆ ಸಿದ್ಧರಾಗಿರಿ. ಎಲ್ಲರೂ ಮುಚ್ಚುವ ಸಂತೆಯಲ್ಲಿ ಬಿಚ್ಚಿ ಹೇಳುವವರ ಮೇಲೇ ಅನುಮಾನ ಹೆಚ್ಚು. ಬೇಸರ ಮಾಡಿಕೊಂಡು 'ಬೇಕಿದ್ದರೆ ತೆಗೆದುಕೊಳ್ಳಿ' ಎನ್ನಬೇಡಿ. ಮಾತಿನಿಂದ ಹುಟ್ಟಿದ ಅನುಮಾನವನ್ನು ಇನ್ನಷ್ಟು ಮಾತಿನಿಂದ ಕಳೆಯಲು ಆಗುವುದಿಲ್ಲ, ಅದಕ್ಕೆ ಬಿಲ್ಲು ಬೇಕು, ಬೇರೆಯವರ ಕಣ್ಣು ಬೇಕು. ನಾನು ಬಿಲ್ಲಿನ ಕಟ್ಟು ಅವರ ಕೈಗಿಟ್ಟು, 'ನಿಮಗೆ ಗುರುತಿರುವ ಗ್ಯಾರೇಜಿಗೆ ಒಯ್ಯೋಣ. ನಾನೂ ಬರುತ್ತೇನೆ, ಆದರೆ ಹೊರಗೆ ಕೂರುತ್ತೇನೆ' ಎಂದೆ. ಮಾರುವವರು ಪಕ್ಕದಲ್ಲೇ ನಿಂತಿದ್ದರೆ ಮೆಕ್ಯಾನಿಕ್ ಬಾಯಿ ಬಿಡುವುದಿಲ್ಲ. ತಪಾಸಣೆಯ ಕೂಲಿ ಕೊಳ್ಳುವವರೇ ಕೊಡಲಿ. ನಾವು ಕೊಟ್ಟರೆ ಅದಕ್ಕೂ ಒಂದು ಅರ್ಥ ಬರುತ್ತದೆ. ಆದರೆ ಹಾಳೆಯಲ್ಲಿ ಇಲ್ಲದ ದೊಡ್ಡ ಐಬು ಸಿಕ್ಕಿದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸುತ್ತೇನೆಂದು ಮೊದಲೇ ಬರೆದುಕೊಡಿ.

ಓಡಿಸಿ ನೋಡುವಾಗಲೂ ಅಷ್ಟೇ. ಮೊದಲು ಚಾಲನಾ ಪರವಾನಗಿ ನೋಡಿ, ಆಮೇಲೆ ಕೀಲಿ ಕೊಡಿ. ಊರೊಳಗಿನ ಸಮತಟ್ಟಾದ ರಸ್ತೆಯಲ್ಲಿ ಸವೆದ ಕ್ಲಚ್ ಗೊತ್ತಾಗುವುದಿಲ್ಲ. ಹುಡುಗ ಬಸ್ ನಿಲ್ದಾಣದ ಕಡೆ ತಿರುಗಿಸಲು ಹೊರಟಿದ್ದ. ನಾನು ಊರಾಚೆಯ ಏರಿಗೆ ಕರೆದುಕೊಂಡು ಹೋದೆ. ಮೂರನೆಯ ಗೇರಿನಲ್ಲಿ ಎಂಜಿನ್ ಕೂಗಿತು, ಗಾಡಿ ಹಾಗೇ ತೆವಳಿತು. ಅವನ ಮುಖ ಸಪ್ಪಗಾಯಿತು. ಸಪ್ಪಗಾಗಲಿ. ಆ ಏರನ್ನು ಅವನು ನನ್ನ ಪಕ್ಕದಲ್ಲಿ ಕುಳಿತು ನೋಡುವುದು ಮೇಲೋ, ಮಾರನೆಯ ವಾರ ಹೆಂಡತಿಯನ್ನು ಕೂರಿಸಿಕೊಂಡು ಘಾಟಿಯಲ್ಲಿ ನೋಡುವುದು ಮೇಲೋ?

ಹಿಂದಿರುಗುವಾಗ ಅವನ ಹೆಂಡತಿ ಮೆಲ್ಲಗೆ ಕೇಳಿದಳು: 'ಅಕ್ಕ, ಈ ಕಾರಿನಲ್ಲಿ ಯಾರಿಗಾದರೂ... ಏನಾದರೂ ಆಗಿದೆಯಾ?' ಹೊಸದಾಗಿ ಗಾಡಿ ಮನೆಗೆ ಬಂದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುವವರು ನಾವು, ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಕಾರಿನಲ್ಲಿ ಅಂಥದ್ದೇನೂ ಆಗಿರಲಿಲ್ಲ, ಹಾಗೆಂದು ಹೇಳಿದೆ. ಆಗಿದ್ದರೆ? ಕಾರಿನಲ್ಲಿ ಒಬ್ಬರು ಹೃದಯಾಘಾತದಿಂದ ತೀರಿಕೊಂಡಿದ್ದರೆ ಯಂತ್ರಕ್ಕೆ ಅದರಿಂದ ಏನೂ ಆಗಿರುವುದಿಲ್ಲ. ಕೇಳದೆ ಇದ್ದಾಗ ಹೇಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಕೇಳಿದ ಮೇಲೆ ನಗುತ್ತಾ ಮಾತು ಬದಲಿಸಲು ಬರುವುದಿಲ್ಲ. ಅಲ್ಲಿಗೆ ಕಾಯಿದೆಯ ಮೂರನೆಯ ಕುದುರೆ ಬಂದು ನಿಂತಿರುತ್ತದೆ.

ಒಂದೆರಡು ದಿನ ಬಿಟ್ಟು ಬಂದು 1,28,000ಕ್ಕೆ ಒಪ್ಪಿಕೊಂಡರು. ಹಾಳೆಯ ಎರಡು ಪ್ರತಿಗೂ ಇಬ್ಬರೂ ಸಹಿ ಮಾಡಿದೆವು, ಮಾವ ಸಾಕ್ಷಿ ಹಾಕಿದರು. ಈ ಸಹಿ ನಿಮ್ಮ ಹಿತಕ್ಕೂ ಹೌದು: ಕ್ಲಚ್ ವಿಷಯ ಹೇಳಲೇ ಇಲ್ಲ ಎಂದು ನಾಳೆ ಯಾರೂ ಅನ್ನುವಂತಿಲ್ಲ.

ಮಾರಲೇಬಾರದ ಗಾಡಿ

ಎಲ್ಲ ಹೇಳಿ ಮಾರಿದರೆ ಎಂಥ ಗಾಡಿಯನ್ನೂ ಮಾರಬಹುದು ಎಂದಲ್ಲ. ಕಡಲ ಬದಿಯ ಉಪ್ಪುಗಾಳಿಗೆ ತಳವೇ ತುಕ್ಕು ತಿಂದು ಕೈ ಹೋಗುವಷ್ಟು ತೂತಾದ ಕಾರು, ಬ್ರೇಕ್ ಹಿಡಿದಾಗ ಒಂದು ಬದಿಗೆ ಎಳೆಯುವ ಕಾರು, ಏರ್‌ಬ್ಯಾಗಿನ ಜಾಗದಲ್ಲಿ ಬರಿಯ ಮುಚ್ಚಳ ಅಂಟಿಸಿದ ಕಾರು. ಇವನ್ನು ಅರ್ಧ ಬೆಲೆಗೆ, ಎಲ್ಲ ತಿಳಿಸಿ ಕೊಟ್ಟರೂ ಸರಿಯಾಗದು. ಕೊಂಡವನಿಗೆ ರಿಯಾಯಿತಿ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಕೂರುವ ಅವನ ಮಗುವಿಗೆ, ರಸ್ತೆ ದಾಟುವ ಮುದುಕಿಗೆ ಸಿಗಲಿಲ್ಲ. ರಿಪೇರಿ ಮಾಡಿಸಿ ಮಾರಿ, ಇಲ್ಲವೇ ಗುಜರಿಗೆ ಹಾಕಿ.

ಗುಜರಿಗೆ ಹಾಕುವುದಕ್ಕೂ ಕ್ರಮವಿದೆ. 2021ರಲ್ಲಿ ಬಂದ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಗಾಡಿ ಒಪ್ಪಿಸಿದ್ದಕ್ಕೆ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೋರಿಸಿ ಕೊಳ್ಳುವ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೆ ಅವಕಾಶವಿದೆ. ಬೀದಿಯ ಗುಜರಿಯವನಿಗೆ ಆರ್‌ಸಿ ಸಮೇತ ಕೊಟ್ಟು ಕೈತೊಳೆದುಕೊಂಡರೆ ನಿಮ್ಮ ಚಾಸಿ ನಂಬರು ಕದ್ದ ಕಾರೊಂದರ ಮೇಲೆ ಮತ್ತೆ ಓಡಾಡಬಹುದು.

ಟೈರಿನ ವಯಸ್ಸು ನೋಡುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಟೈರಿನ ಪಕ್ಕೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು. ಗೀರು ಆಳವಾಗಿದ್ದರೂ ಏಳು ವರ್ಷದ ರಬ್ಬರು ಒಣಗಿರುತ್ತದೆ. ಕೊಳ್ಳುವವರಿಗೆ ಆ ಅಂಕಿಯನ್ನು ಬೆರಳಿಟ್ಟು ತೋರಿಸಿ.

ಕಾಗದದ ಕೆಲಸ

ಇಲ್ಲಿ ಬೇಗ ಮುಗಿಸುತ್ತೇನೆ, ಒಂದನ್ನು ಬಿಟ್ಟು. ಬಾಕಿ ಇರುವ ಸಂಚಾರ ದಂಡಗಳನ್ನು ನೀವೇ ಕಟ್ಟಿ. ಬ್ಯಾಂಕಿನ ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೊಟ್ಟು ಆರ್‌ಸಿಯಿಂದ ಸಾಲದ ನಮೂದನ್ನು ತೆಗೆಸಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದರೆ ಅತಿ ಸುರಕ್ಷತೆಯ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿ. ಎಮಿಷನ್ ಪತ್ರ ಚಾಲ್ತಿಯಲ್ಲಿರಲಿ. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ 2017ರಿಂದಲೇ ನಿರ್ಬಂಧವಿದೆ. ಆಧಾರ್ ಪ್ರತಿಯ ಮೇಲೆ 'ಈ ವಾಹನದ ವರ್ಗಾವಣೆಗೆ ಮಾತ್ರ' ಎಂದು ಬರೆದು ದಿನಾಂಕ ಹಾಕಿ. ಫಾಸ್ಟ್ಯಾಗ್ ಮುಚ್ಚಿಸಿ, ಇಲ್ಲದಿದ್ದರೆ ಅವರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ.

ಬಿಟ್ಟ ಒಂದು, ಹೆಸರು ವರ್ಗಾವಣೆ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು ಬ್ರೋಕರ್ ಕೈಗೆ ಕೊಡುವುದು ನಮ್ಮಲ್ಲಿ ಮಾಮೂಲು. ಅವನು ಅದನ್ನು ಇನ್ನೊಬ್ಬನಿಗೆ, ಇನ್ನೊಬ್ಬ ಮತ್ತೊಬ್ಬನಿಗೆ ಮಾರುತ್ತಾ ಹೋಗುತ್ತಾನೆ. ದಾಖಲೆಯಲ್ಲಿ ಮಾಲೀಕರು ನೀವೇ. ಇಂಥದ್ದೇ ಪ್ರಕರಣವೊಂದನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಕಾರು 2007ರಲ್ಲೇ ಮಾರಾಟವಾಗಿ ಕೈಯಿಂದ ಕೈಗೆ ಹೋಗಿತ್ತು. 2009ರಲ್ಲಿ ಹಿಂದಕ್ಕೆ ತೆಗೆಯುವಾಗ ಗುದ್ದಿ ಒಂದು ಮಗು ಸತ್ತಿತು. ಪರಿಹಾರದ ಹೊಣೆ ಬಿದ್ದದ್ದು ನೋಂದಣಿಯಲ್ಲಿ ಹೆಸರಿದ್ದ ಮೊದಲ ಮಾಲೀಕನ ಮೇಲೆ. ಇದನ್ನು ಹೇಳಿದಾಗ ಎಲ್ಲರೂ ತಮ್ಮ ತಲೆಯ ಮೇಲೆ ಬರುವ ಹೊಣೆಯನ್ನಷ್ಟೇ ನೋಡಿ ಬೆಚ್ಚುತ್ತಾರೆ. ನನಗೆ ಕಾಣುವುದು ಇನ್ನೊಂದು ಬದಿ: ಓಡಿಸಿದವರು ಯಾರು, ಮಾಲೀಕರು ಯಾರು, ವಿಮೆ ಯಾರ ಹೆಸರಿನಲ್ಲಿದೆ ಎಂದು ವರ್ಷಗಟ್ಟಲೆ ಎಳೆದಾಡುವಾಗ ಪರಿಹಾರಕ್ಕೆ ಕಾಯುತ್ತಾ ಕೂರುವವರು ಆ ಗಾಡಿಯನ್ನು ಕೊಂಡವರೂ ಅಲ್ಲ, ಮಾರಿದವರೂ ಅಲ್ಲ.

ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ, ಹೊರರಾಜ್ಯಕ್ಕಾದರೆ 45 ದಿನದೊಳಗೆ ಮಾರಿದವರೇ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ಕೊಂಡವರು ಮಾಡಿಸಿಕೊಳ್ಳುತ್ತಾರೆ ಬಿಡಿ ಎಂದು ಕೂರಬೇಡಿ. ವರ್ಗಾವಣೆಯ ಖರ್ಚು ಯಾರದೆಂದು ಕರಾರಿನಲ್ಲೇ ಬರೆದು, ಜೊತೆಗೇ ಹೋಗಿ ಅರ್ಜಿ ಕೊಟ್ಟು ಬನ್ನಿ. ವಿಮೆಯ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ಮೂರನೆಯವರಿಗೆ ಆಗುವ ನಷ್ಟದ ವಿಮೆ ಗಾಡಿಯ ಜೊತೆಗೆ ಹೋಗುತ್ತದೆ, ಗಾಡಿಗೇ ಆಗುವ ಹಾನಿಯ ವಿಮೆ ತಾನಾಗಿ ಹೋಗುವುದಿಲ್ಲ. 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೆ ನೆನಪಿಸಿ. ಪರಿಹಾರ ಕೇಳದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ನಿಮ್ಮದು, ಅದು ಗಾಡಿಗೆ ಅಂಟಿಕೊಂಡದ್ದಲ್ಲ. ವಿಮಾ ಕಂಪನಿಯಿಂದ ಪತ್ರ ಪಡೆದು ಮುಂದಿನ ಕಾರಿಗೆ ಬಳಸಿಕೊಳ್ಳಬಹುದು.

ಕೀಲಿ ಕೊಡುವಾಗ ಹಸ್ತಾಂತರ ಪತ್ರದಲ್ಲಿ ದಿನಾಂಕದ ಜೊತೆಗೆ ಗಂಟೆ, ನಿಮಿಷ ಎರಡನ್ನೂ ಬರೆಯಿರಿ. ಸಂಜೆ ಆರಕ್ಕೆ ಕೊಟ್ಟ ಗಾಡಿ ಏಳಕ್ಕೆ ಸಿಗ್ನಲ್ ಹಾರಿದರೆ ಆ ಒಂದು ಗಂಟೆಗೆ ಬೆಲೆ ಬರುತ್ತದೆ. ಎರಡೂ ಕೀಲಿ, ಜಾಕ್, ಸ್ಟೆಪ್ನಿ, ಕೈಪಿಡಿ ಅವತ್ತೇ ಕೊಡಿ. ಮ್ಯೂಸಿಕ್ ಸಿಸ್ಟಮ್ಮಿನಲ್ಲಿ ಉಳಿದಿರುವ ನಿಮ್ಮ ಫೋನಿನ ಹೆಸರುಪಟ್ಟಿ ಅಳಿಸಿ.

ಮಾರಿದ ಮೇಲಿನ ಫೋನು

ಫೋನು ಬಂದೇ ಬರುತ್ತದೆ. ಹಾಳೆಯಲ್ಲಿ ಇದ್ದದ್ದೇ ಕೆಟ್ಟಿದ್ದರೆ ಸಮಾಧಾನವಾಗಿ ಕೇಳಿಸಿಕೊಳ್ಳಿ, ಗೊತ್ತಿರುವ ಗ್ಯಾರೇಜು ಹೇಳಿ, ಹಣ ಕೊಡಬೇಕಾಗಿಲ್ಲ. ಯಾರಿಗೂ ಗೊತ್ತಿರದ ಹೊಸ ತೊಂದರೆಯಾದರೆ ಅದು ಹಳೆಯ ಗಾಡಿಯ ಹಣೆಬರಹ, ಅದಕ್ಕೂ ನೀವು ಕೊಡಬೇಕಾಗಿಲ್ಲ. ನಿಮಗೆ ಗೊತ್ತಿದ್ದು ಹಾಳೆಗೆ ಬರೆಯದೆ ಉಳಿದದ್ದಾದರೆ ವಾದಕ್ಕೆ ಇಳಿಯದೆ ರಿಪೇರಿಯ ಬಿಲ್ ಕಳಿಸಲು ಹೇಳಿ, ಕಟ್ಟಿ.

ನನಗೆ ಬಂದ ಫೋನು ಆ ಹುಡುಗನದ್ದೇ. ಕ್ಲಚ್ ಹಾಕಿಸಿದನಂತೆ, ಅಂದಾಜಿಗಿಂತ ಆರುನೂರು ಕಡಿಮೆಗೆ ಆಯಿತಂತೆ. ಮಳೆನೀರು ಬರುವುದು ಎಲ್ಲಿಂದ ಎಂದು ಮಾವ ಕಂಡುಹಿಡಿದರಂತೆ: ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕಟ್ಟಿಕೊಂಡಿತ್ತು. ಆರ್‌ಸಿ ಇನ್ನೂ ಅಂಚೆಯಲ್ಲಿ ಬಂದಿಲ್ಲ ಎಂದ. ಸರ್ಕಾರದ ಪರಿವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿ ನೋಡಿದೆ, ಮಾಲೀಕರ ಹೆಸರು ಬದಲಾಗಿತ್ತು. ಅದರ ಚಿತ್ರ ತೆಗೆದು ಅವನಿಗೆ ಕಳಿಸಿ, ಒಂದು ಪ್ರತಿಯನ್ನು ಹಾಳೆಯ ಜೊತೆಗೆ ಕಡತಕ್ಕೆ ಸೇರಿಸಿದೆ.